ಮೀಡಿಯಂ ಸೈಜಿನ ಮನುಷ್ಯ

ಸರಾಸರಿ ಮನುಷ್ಯ ಅನ್ನುವವನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುತ್ತಾನೆ, ಅವನನ್ನು ಯಾರೂ ಕಣ್ಣಾರೆ ಕಂಡಿಲ್ಲ ಎಂದು ಓದಿದವರು ಹೇಳುತ್ತಾರೆ. ಪಾಪ, ಅವರು ನಮ್ಮ ಭಾವನನ್ನು ನೋಡಿಲ್ಲ. ನಾನು ದಿನಾ ನೋಡುತ್ತೇನೆ. ಅವರ ಎಡಗಾಲಿನ ಸಾಕ್ಸು ಎಲ್ಲಿ ತೂತಾಗಿದೆ ಅನ್ನುವುದೂ ನನಗೆ ಗೊತ್ತು.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಊರಿನ ಯೂನಿಫಾರಂ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ಟರ್, ಅದೇ ಕಾರ್ಖಾನೆಯಲ್ಲಿ ನಾನು ಗುಂಡಿ ಹಾಕುವವನು. ಪೋಸ್ಟ್‌ಮ್ಯಾನ್‌ಗಳು, ಬೆಂಕಿ ಆರಿಸುವವರು, ಬ್ಯಾಂಡಿನವರು, ಆಸ್ಪತ್ರೆಯ ಕಾವಲಿನವರು, ಹೀಗೆ ಊರಿನಲ್ಲಿ ಯಾರ್‍ಯಾರು ಒಂದೇ ಬಣ್ಣದ ಬಟ್ಟೆ ತೊಟ್ಟು ಓಡಾಡುತ್ತಾರೋ ಅವರೆಲ್ಲರ ಕೋಟೂ ಮೊದಲು ಭಾವನ ಕತ್ತರಿಯ ಕೆಳಗೆ, ಆಮೇಲೆ ನನ್ನ ಸೂಜಿಯ ಕೆಳಗೆ ಹಾದು ಹೋಗಬೇಕು.

ಕಾರ್ಖಾನೆ ಶುರು ಮಾಡಿದ ಹಳೇ ಯಜಮಾನರು ವಿಚಿತ್ರ ಮನುಷ್ಯ. ಮೊದಲ ವರ್ಷವೇ ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಎದೆ, ತೋಳು, ಸೊಂಟ, ಕತ್ತು ಅಳೆದು, ಕೂಡಿಸಿ, ತಲೆಗಳಿಂದ ಭಾಗಿಸಿದರಂತೆ. ಎದೆ ಸರಿಯಾಗಿ ನಲವತ್ತು ಇಂಚು ಬಂತು. ಆ ಕಾಗದ ಕೈಯಲ್ಲಿ ಹಿಡಿದು ತಲೆಯೆತ್ತಿದರೆ ಕೆಲಸ ಕೇಳಿಕೊಂಡು ಬಂದ ನಮ್ಮ ಭಾವ ಬಾಗಿಲಲ್ಲಿ ನಿಂತಿದ್ದಾರೆ. ಅಳೆದು ನೋಡಿದರು. ನಲವತ್ತು. ತೋಳು, ಸೊಂಟ, ಕತ್ತು ಯಾವುದನ್ನು ಅಳೆದರೂ ಊರಿನ ಸರಾಸರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಳೇ ಯಜಮಾನರ ಕಣ್ಣಲ್ಲಿ ನೀರು ಬಂತಂತೆ.

ಅಂದಿನಿಂದ ನಮ್ಮಲ್ಲಿ ಮೀಡಿಯಂ ಎಂದರೆ ಒಂದು ಅಳತೆಯಲ್ಲ, ನಮ್ಮ ಭಾವ. ಪ್ರತಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅವರು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಬನಿಯನ್ನಿನಲ್ಲಿ ನಿಲ್ಲುತ್ತಾರೆ. ನಾನು ಅಂಕಿಗಳೇ ಇಲ್ಲದ ಒಂದು ಬಿಳಿ ಪಟ್ಟಿಯನ್ನು ಅವರ ಎದೆಗೆ ಸುತ್ತಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಪಟ್ಟಿಯ ಗುರುತು ಬಟ್ಟೆಗೆ ಇಳಿಯುತ್ತದೆ. ಅದಕ್ಕೆ ಎರಡು ಬೆರಳು ಸೇರಿಸಿದರೆ ಲಾರ್ಜ್, ಎರಡು ಬೆರಳು ಕಳೆದರೆ ಸ್ಮಾಲ್. ಅಂಕಿ ನೋಡಿದರೆ ಕೈ ಸೋಮಾರಿಯಾಗುತ್ತದೆ ಎನ್ನುವುದು ಹಳೇ ಯಜಮಾನರ ನಂಬಿಕೆ. ಅಂಕಿಯ ಟೇಪನ್ನು ವರ್ಷಕ್ಕೊಮ್ಮೆ, ಕಾರ್ಖಾನೆ ಶುರುವಾದ ದಿನ, ಎಲ್ಲರೆದುರು ಹೊರಗೆ ತೆಗೆಯಬೇಕು. ಎದೆ ನಲವತ್ತು ಇರುವ ತನಕ ಸ್ಟೂಲು ಮಾಸ್ಟರದ್ದೇ ಎಂದು ಬರೆದಿಟ್ಟು ಅವರು ಕಣ್ಣು ಮುಚ್ಚಿದರು. ಇಪ್ಪತ್ತಾರು ವರ್ಷ ಭಾವನ ಎದೆ ಅರ್ಧ ಇಂಚೂ ಆಚೀಚೆ ಆಗಲಿಲ್ಲ.

ಉಳಿದ ವಿಷಯಗಳಲ್ಲಿ ಭಾವ ಸರಾಸರಿಗಿಂತ ತುಸು ಕೆಳಗೇ ಎಂದು ಸಂಬಂಧಿಕನಾಗಿ ವಿಷಾದದಿಂದ ಹೇಳಬೇಕಾಗಿದೆ. ಸೈಕಲ್ಲು ಹತ್ತಿದರೆ ಇಳಿಯಲು ಅವರಿಗೊಂದು ಗೋಡೆ ಬೇಕು. ಛತ್ರಿಯನ್ನು ಹೊರಗೊಯ್ದದ್ದು ಹತ್ತು ಸಲವಾದರೆ ತಂದದ್ದು ಎರಡು ಸಲ. ಆದರೆ ಆ ಸ್ಟೂಲಿನ ಮೇಲೆ ನಿಂತಾಗ, ಕಿಟಕಿಯ ಓರೆ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ಮೆಲ್ಲಗೆ ತೇಲುವಾಗ, ಎರಡು ಕೈ ಅಗಲಿಸಿ ಕಣ್ಣು ಅರೆ ಮುಚ್ಚಿದ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಇಡೀ ಊರನ್ನು ತಾನೇ ತೊಟ್ಟುಕೊಂಡವರ ಹಾಗೆ ಕಾಣುತ್ತಿದ್ದರು. ಆ ಮುಖ ನೋಡುವುದು ನನಗೆ ಬಹಳ ಇಷ್ಟ, ಸುಳ್ಳೇಕೆ ಹೇಳಲಿ.

ಇಷ್ಟವಿಲ್ಲದವರು ಒಬ್ಬರೇ. ಹಳೇ ಯಜಮಾನರ ಮಗ, ನಮ್ಮ ಚಿಕ್ಕ ಯಜಮಾನರು. ಅವರ ಮೇಜಿನ ಮೇಲೆ ಸದಾ ಒಂದು ಬಣ್ಣದ ಪುಸ್ತಕ ತೆರೆದಿರುತ್ತಿತ್ತು. ಅದರಲ್ಲಿ ತಲೆಯಿಲ್ಲದ ಒಂದು ಗೊಂಬೆಯ ಚಿತ್ರ. "ಎದೆ ನಲವತ್ತು. ಜ್ವರ ಬರಲ್ಲ, ರಜಾ ಕೇಳಲ್ಲ, ಟೀ ಕುಡಿಯಲ್ಲ" ಎಂದು ಅವರು ಹೋಗಿ ಬರುವವರಿಗೆಲ್ಲ ತೋರಿಸುತ್ತಿದ್ದರು. ಕಾಯುತ್ತಿದ್ದದ್ದು ಒಂದು ನೆಪಕ್ಕಾಗಿ.

ನೆಪ ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ, ದೊಡ್ಡಕ್ಕನ ಊಟದ ಮೇಜಿನ ಮೇಲೆ. ಅವತ್ತು ಚಿಕ್ಕಕ್ಕ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಈ ಚಿಕ್ಕಭಾವನಿಗೆ ಗ್ರಂಥಾಲಯದಲ್ಲಿ ಕೆಲಸ. ಮೆತ್ತಗೆ ಮಾತಾಡುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುತ್ತಾರೆ, ಅದರಿಂದ ಅವರು ಏನು ಹೇಳಿದರೂ ನಿಜವೆನಿಸುತ್ತದೆ. ಅಕ್ಕ ಕೋಳಿಯ ಪಾತ್ರೆ ಮುಂದಿಟ್ಟಾಗ ಅವರು ಕೈ ಅಡ್ಡ ಹಿಡಿದರು.

"ನನಗೆ ಬೇಡ ಅತ್ತಿಗೆ. ಮಾಂಸ ಬಿಟ್ಟು ಆರು ತಿಂಗಳಾಯ್ತು. ತಲೆ ಎಷ್ಟು ತಿಳಿಯಾಗಿದೆ ಅಂದ್ರೆ, ಪುಸ್ತಕ ತೆರೆಯೋ ಮುಂಚೇನೇ ಅರ್ಧ ಅರ್ಥ ಆಗಿರುತ್ತೆ. ಆದ್ರೆ ಬಿಟ್ಟಿದ್ದರ ಬದಲಿಗೆ ನಾವು..."

ಅವರು ಬದಲಿಗೆ ಏನು ಮಾಡಿದರು ಎನ್ನುವುದನ್ನು ಕೇಳುವ ಭಾಗ್ಯ ನಮಗಿರಲಿಲ್ಲ. ಮನೆಯಾಕೆ, ನಾದಿನಿ, ಭಾವಮೈದುನ ಮೂವರೂ ಚಿಕ್ಕಭಾವನನ್ನು ಮೆಚ್ಚುಗಣ್ಣಿನಿಂದ ನೋಡುತ್ತಿರುವುದನ್ನು ಕಂಡು ಭಾವನಿಗೆ ತಡೆಯಲಾಗಲಿಲ್ಲ.

"ಅದೇನು ಮಹಾ," ಎಂದರು. "ನಾನೂ ಬಿಟ್ಟಿದ್ದೀನಿ."

ಎಲ್ಲರೂ ಅವರ ಕೈಯಲ್ಲಿದ್ದ ಕೋಳಿಯ ಕಾಲನ್ನು ನೋಡಿದೆವು.

"ಯಾವಾಗ್ರೀ?" ಎಂದಳು ಅಕ್ಕ.

"ಈಗ."

ಕಾಲನ್ನು ಬಹಳ ಮರ್ಯಾದೆಯಿಂದ ಪಾತ್ರೆಗೆ ಹಿಂತಿರುಗಿಸಿ ಕೈ ತೊಳೆದು ಬಂದರು. ಸಂಬಂಧಿಕರ ಮುಂದೆ ಆಡಿದ ಮಾತು. ಮರುದಿನ ಹಿಂತೆಗೆದುಕೊಳ್ಳಲು ಅದೇನು ಅಂಗಡಿಯಲ್ಲಿ ಕೊಂಡ ಬಟ್ಟೆಯೇ?

ಇಲ್ಲಿ ನೀವು ಒಂದು ವಿಷಯ ಗಮನಿಸಬೇಕು. ಕಟಿಂಗ್ ಮಾಸ್ಟರಿಗೆ ಕತ್ತರಿಸುವುದು ಗೊತ್ತು. ಸೇರಿಸುವುದು ಹೊಲಿಗೆಯವರ ಕೆಲಸ, ಅದಕ್ಕೆ ಬೇರೆ ಕೋಣೆ, ಬೇರೆ ಜನ. ಭಾವ ಊಟದ ತಟ್ಟೆಯನ್ನೂ ಬಟ್ಟೆಯ ತುಂಡಿನಂತೆಯೇ ಕಂಡರು. ಬೇಡದ್ದನ್ನು ಕತ್ತರಿಸಿ ತೆಗೆದರೆ ಉಳಿದದ್ದು ಸರಿಯಾದ ಆಕಾರದಲ್ಲಿ ಇದ್ದೇ ಇರುತ್ತದೆ ಎಂದು ನಂಬಿದರು. ಒಮ್ಮೆ ಕತ್ತರಿ ಹಿಡಿದ ಮೇಲೆ ಕೈ ನಿಲ್ಲಲೂ ಇಲ್ಲ. ಆ ವಾರ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ಅಡುಗೆಮನೆಯಲ್ಲಿ ಜಗಳ.

"ಮೀನಾದ್ರೂ ತಿನ್ನಿ," ಎನ್ನುವಳು ಅಕ್ಕ.

"ಮೀನಿಗೂ ಕಣ್ಣಿದೆ."

"ಮೊಟ್ಟೆಗೆ ಕಣ್ಣಿಲ್ವಲ್ಲ?"

"ಇವತ್ತು ಇಲ್ಲ. ನಾಳೆ ಬರುತ್ತೆ."

"ಹಾಲು?"

"ಹಾಲು ಹಸುವಿಂದ ಬರುತ್ತೆ. ಹಸು ಏನು ತರಕಾರಿನಾ?"

"ಹೋಗ್ಲಿ, ಈ ಬೀನ್ಸ್ ಕಾಳು ಬೇಯಿಸಿದ್ದೀನಿ. ಬೇಳೆ ಇದೆ. ಇದರಲ್ಲೇನು ತಪ್ಪು ಕಂಡ್ತು?"

ಭಾವ ಕಾಳಿನ ಬಟ್ಟಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ತಿಂದ ಮೇಲೆ ಹೊಟ್ಟೆ ಗಟ್ಟಿಯಾಗುತ್ತಾ?"

"ಆಗುತ್ತೆ."

"ಮೈಗೆ ಶಕ್ತಿ ಬರುತ್ತಾ?"

"ಬರುತ್ತೆ ಕಣ್ರೀ!"

"ನೋಡಿದ್ಯಾ? ಇದೂ ಮಾಂಸದ ನೆಂಟನೇ. ಬೇಡ."

ಹೀಗೆ ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದ ಮೇಲೆ ತಟ್ಟೆಯಲ್ಲಿ ಉಳಿದದ್ದು ಸುಟ್ಟ ಬ್ರೆಡ್ಡಿನ ಎರಡು ತುಂಡು, ಬೇಯಿಸಿದ ಒಂದು ಆಲೂಗಡ್ಡೆ, ನಾಲ್ಕು ಸೌತೆಕಾಯಿ ಹೋಳು, ಮತ್ತು ಪಕ್ಕದಲ್ಲಿ ಹಾಲಿಲ್ಲದ ಟೀ. ಮೂರು ಹೊತ್ತೂ ಅದೇ. ಭಾವನಿಗೆ ಮಾತ್ರ ಬಹಳ ತೃಪ್ತಿ. "ತಟ್ಟೆ ನೋಡು, ಎಷ್ಟು ಅಚ್ಚುಕಟ್ಟಾಗಿದೆ" ಎನ್ನುತ್ತಿದ್ದರು.

ಮೊದಲು ಗೊತ್ತಾದದ್ದು ನನಗೆ. ಮೂರನೆಯ ಸೋಮವಾರ ಪಟ್ಟಿ ಸುತ್ತಿದಾಗ ಹೊಸ ಗುರುತು ಹಳೆಯ ಗುರುತಿನ ಮೇಲೆ ಬೀಳಲಿಲ್ಲ, ಉಗುರಿನಷ್ಟು ಒಳಗೆ ಬಿತ್ತು. ಐದನೆಯ ಸೋಮವಾರ ಒಂದು ಬೆರಳು. ಪಟ್ಟಿಯ ಮೇಲೆ ಹಳೆಯ ಗುರುತುಗಳ ಮಸುಕು ಸಾಲಾಗಿ ನಿಂತಿತ್ತು. ನಾನು ಎಂಜಲು ಹಚ್ಚಿ ಅವನ್ನೆಲ್ಲ ಒರೆಸಿದೆ.

"ಯಾಕೋ ಅಷ್ಟು ಬಿಗಿಯಾಗಿ ಎಳೀತಿದ್ದೀಯಾ?" ಎಂದರು ಭಾವ ಮೇಲಿನಿಂದ.

"ಬಿಗಿ ಏನಿಲ್ಲ ಭಾವ. ಎಂದಿನ ಹಾಗೇ."

ಅದು ಸುಳ್ಳು. ಆದರೆ ಇನ್ನೇನು ಹೇಳಲಿ? ಚಿಕ್ಕ ಯಜಮಾನರ ಕೋಣೆಯ ಬಾಗಿಲು ತೆರೆದೇ ಇತ್ತು. ಭಾವ ಇಳಿಯುತ್ತಿದ್ದಾರೆ ಎಂದು ನನ್ನ ಬಾಯಿಂದ ಬಂದರೆ ಸಂಜೆಯೊಳಗೆ ಸ್ಟೂಲಿನ ಮೇಲೆ ಗೊಂಬೆ ನಿಲ್ಲುತ್ತದೆ. ತುಟಿ ಪಿಟಕ್ಕೆನ್ನದೆ ಗುರುತು ಹಾಕಿದೆ. ಆ ಗುರುತಿನ ಮೇಲೆ ಭಾವ ಊರಿನ ಅಷ್ಟೂ ಪೋಸ್ಟ್‌ಮ್ಯಾನ್‌ಗಳ ಕೋಟು ಕತ್ತರಿಸಿದರು.

ಕೋಟು ಹೋದ ನಾಲ್ಕನೇ ದಿನ ಹಿರಿಯ ಪೋಸ್ಟ್‌ಮ್ಯಾನ್ ಕಾರ್ಖಾನೆಗೆ ಬಂದರು. ಕೈಯಲ್ಲಿ ಮೂರು ಗುಂಡಿ. ಹದಿನೆಂಟು ವರ್ಷದಿಂದ ಮೀಡಿಯಂ ತೊಟ್ಟವರು. ಕೋಟಿನ ವಿಷಯ ಎತ್ತುತ್ತಾರೆಂದು ನಾನು ಗುಂಡಿಯ ಡಬ್ಬಿ ಮುಂದೆಳೆದುಕೊಂಡೆ. ಅವರು ನನ್ನ ಮುಂದೆ ಕುಸಿದು ಕೂತರು.

"ಏನಪ್ಪಾ ಮಾಡ್ಲಿ, ನಾನು ಉಬ್ಬಿಬಿಟ್ಟಿದ್ದೀನಿ."

"ನೀವಾ?"

"ನೋಡು. ಒಂದು ಕಾಗದ ಕೊಡೋಕೆ ಬಗ್ಗಿದ್ದೇ ತಡ, ಗುಂಡಿ ಹಾರಿ ಆ ಮನೆಯಮ್ಮನ ಹಣೆಗೆ ಹೊಡೀತು. ಹದಿನೆಂಟು ವರ್ಷ ಮೀಡಿಯಂ ಆಗಿದ್ದೆ ಕಣಪ್ಪ. ಇವತ್ತು ಮೀಡಿಯಂ ನನ್ನ ಕೈಬಿಡ್ತು."

ಕೋಟು ಚಿಕ್ಕದಾಗಿರಬಹುದು ಎಂಬ ಯೋಚನೆ ಆ ಪುಣ್ಯಾತ್ಮನ ತಲೆಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಮೀಡಿಯಂ ಬದಲಾಗುತ್ತದೆಯೇ? ಮೀಡಿಯಂ ಎಂದರೆ ಮಾಸ್ಟರ್, ಮಾಸ್ಟರ್ ಎಂದರೆ ನಲವತ್ತು. ನಾನು ಬೆವರು ಒರೆಸಿಕೊಳ್ಳುತ್ತ ಮೂರೂ ಗುಂಡಿಯನ್ನು ಅಂಚಿನ ತುದಿಗೆ ಹಾಕಿಕೊಟ್ಟೆ. ಅವರು ಉಸಿರು ಬಿಗಿಹಿಡಿದು ಮನೆಗೆ ಹೋದರು, ಅವತ್ತೇ ರಾತ್ರಿಯೂಟ ಬಿಟ್ಟರು.

ಮುಂದಿನ ತಿಂಗಳು ಬೆಂಕಿ ಆರಿಸುವವರ ಕೋಟು ಹೋಯಿತು. ಆಗ ಗುರುತು ಎರಡು ಬೆರಳು ಒಳಗೆ ಬಂದಿತ್ತು. ಅವರ ಸಾಹೇಬರು ಹುಡುಗರೆಲ್ಲ ತಿಂದು ಕೊಬ್ಬಿದ್ದಾರೆ ಎಂದು ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಓಡಿಸಿದರು. ಆಮೇಲೆ ಬ್ಯಾಂಡಿನವರು. ದೊಡ್ಡ ತುತ್ತೂರಿ ಊದುವವನು ಹೊಸ ಕೋಟು ತೊಟ್ಟು ಒಂದು ಉಸಿರು ಎಳೆದುಕೊಂಡ, ಏಳು ಗುಂಡಿಗಳಲ್ಲಿ ಏಳೂ ಹೋದವು. ಸಂಗೀತ ಕೇಳಲು ಕುಳಿತಿದ್ದ ಆರೋಗ್ಯಾಧಿಕಾರಿಗಳ ಬೋಳುತಲೆಗೆ ಒಂದು ತಾಗಿದ್ದರಿಂದ ವಿಷಯ ಸರಕಾರದ ಗಮನಕ್ಕೆ ಬಂತು.

ಆರೋಗ್ಯಾಧಿಕಾರಿಗಳು ಕಾಯಿಲೆಗಳನ್ನು ಪ್ರೀತಿಸುವ ಮನುಷ್ಯ. ಎಷ್ಟೋ ವರ್ಷದಿಂದ ಊರಿನಲ್ಲಿ ಹೇಳಿಕೊಳ್ಳುವಂಥದ್ದು ಒಂದೂ ಬಂದಿರಲಿಲ್ಲ. ಮೂರೇ ದಿನದಲ್ಲಿ ಗೋಡೆಗಳ ಮೇಲೆ ಹಳದಿ ಕಾಗದ ಅಂಟಿತು: ಊರು ಊದಿಕೊಳ್ಳುತ್ತಿದೆ, ಎಚ್ಚರ! ಕೆಳಗೆ ಸಣ್ಣ ಅಕ್ಷರದಲ್ಲಿ, ಇಡೀ ಊರು ಉಬ್ಬುತ್ತಿರುವಾಗ ಒಬ್ಬರು ಮಾತ್ರ ತೆಳ್ಳಗೆ ಉಳಿದಿದ್ದಾರೆ, ಅವರೇ ಯೂನಿಫಾರಂ ಕಾರ್ಖಾನೆಯ ಮಾಸ್ಟರ್, ಅವರು ಮಾಂಸ ಬಿಟ್ಟಿರುವುದೇ ಇದರ ಗುಟ್ಟು, ನಾಗರಿಕರು ಅವರ ತಟ್ಟೆಯನ್ನು ಅನುಸರಿಸಬೇಕು ಎಂದಿತ್ತು.

ಆ ಕಾಗದ ಓದಿ ನನಗೆ ತಲೆ ತಿರುಗಿತು. ಭಾವನಿಗೆ ಮೊದಲೇ ತಿರುಗುತ್ತಿತ್ತು, ಆದ್ದರಿಂದ ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಎಲ್ಲವೂ ಸೋಪಿನ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಊರಿಗೆ ಊರೇ ಬ್ರೆಡ್ಡು, ಆಲೂಗಡ್ಡೆ, ಸೌತೆಕಾಯಿಗೆ ಇಳಿಯಿತು. ಎರಡು ವಾರದಲ್ಲಿ ಬೀದಿಗಳು ಮೆತ್ತಗಾದವು. ಜನ ಗೋಡೆಯ ಪಕ್ಕಕ್ಕೆ ಕೈ ತಾಗಿಸಿಕೊಂಡು ನಡೆಯುತ್ತಿದ್ದರು. ಅಂಗಡಿಯವನು ತಕ್ಕಡಿಯಲ್ಲಿ ಸಾಮಾನು ಹಾಕಿ ಮುಳ್ಳು ನಿಲ್ಲುವುದನ್ನೇ ನೋಡುತ್ತ ನಿಂತುಬಿಡುತ್ತಿದ್ದ, ಕೊಳ್ಳುವವಳೂ ಅವನ ಜೊತೆ ನೋಡುತ್ತಿದ್ದಳು. ಹಿರಿಯ ಪೋಸ್ಟ್‌ಮ್ಯಾನ್ ಕಾಗದಗಳನ್ನು ವಿಳಾಸ ನೋಡದೆ ತಮಗೆ ಚೆಂದ ಕಂಡ ಮನೆಗಳಿಗೆ ಕೊಡತೊಡಗಿದರು. ಯಾರದೋ ಕಾಗದ ಯಾರೋ ಓದಿ, ಅಳುವವರು ಅತ್ತು, ಉತ್ತರ ಬರೆಯುವವರು ಬರೆದರು. ಬ್ಯಾಂಡಿನವರು ಮೆರವಣಿಗೆಯ ನಡೆಯನ್ನು ಎಷ್ಟು ನಿಧಾನವಾಗಿ ಬಾರಿಸುತ್ತಿದ್ದರೆಂದರೆ ತೊಟ್ಟಿಲುಗಳಲ್ಲಿ ಮಕ್ಕಳು ಮಲಗುತ್ತಿದ್ದವು. ಒಂದು ಮಧ್ಯಾಹ್ನ ಬೇಕರಿಯ ಚಿಮಣಿಗೆ ಬೆಂಕಿ ತಗುಲಿದಾಗ ಬೆಂಕಿಯವರು ಏಣಿ ಹಾಕಿದರು, ಅರ್ಧ ಹತ್ತಿದರು, ಅಲ್ಲಿಂದ ಊರು ತುಂಬ ಸುಂದರವಾಗಿ ಕಂಡಿತಂತೆ, ಅಲ್ಲೇ ಕೂತರು. ಬೆಂಕಿ ಬೇಸತ್ತು ತಾನಾಗಿ ಆರಿತು.

ಭಾವ ಎಲ್ಲರಿಗಿಂತ ಮುಂದಿದ್ದರು. ಬಟ್ಟೆಯ ದೊಡ್ಡ ಸುರುಳಿಗಳನ್ನು ತಬ್ಬಿಕೊಂಡು ಮಾತಾಡಿಸುತ್ತಿದ್ದರು. "ಲೋ, ನೆನ್ನೆ ಈ ಕೋಟುಗಳೆಲ್ಲ ಮನುಷ್ಯರಿಲ್ಲದೆ ತಾವೇ ಎದ್ದು ಬೀದಿಗೆ ಹೋದವು. ಎಲ್ಲವೂ ನನಗೆ ಕೈ ಬೀಸಿದವು ಕಣೋ" ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು. ಅಕ್ಕ ದಿನಾ ನನ್ನ ಹತ್ತಿರ ಬಂದು ಅಳುತ್ತಿದ್ದಳು. "ಬೆನ್ನು ಮುಟ್ಟಿದ್ರೆ ಮೂಳೆ ಎಣಿಸಬಹುದು. ಬಾಯಿ ಬಿಟ್ಟು ಹೇಳೋ, ಏನಾಗಿದೆ ಅವರಿಗೆ?" ನಾನು ನೂಲು ಪೋಣಿಸುವ ನೆಪದಲ್ಲಿ ಮುಖ ತಗ್ಗಿಸುತ್ತಿದ್ದೆ. ಸ್ಟೂಲು ಉಳಿಸಲು ಹೋಗಿ ಮನುಷ್ಯನನ್ನೇ ಕಳೆದುಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ನಾನು ಹೇಡಿ, ಅಷ್ಟೇ.

ವರ್ಷಕ್ಕೊಮ್ಮೆಯ ಅಳತೆಯ ದಿನದ ಹಿಂದಿನ ಬೆಳಿಗ್ಗೆ, ಆರೋಗ್ಯಾಧಿಕಾರಿಗಳು ಗ್ರಂಥಾಲಯದ ದೊಡ್ಡ ಕೋಣೆಯಲ್ಲಿ ಭಾವನ ಭಾಷಣ ಇಟ್ಟರು. ವಿಷಯ: ನಾನು ಹೇಗೆ ಹಗುರಾದೆ. ಕುರ್ಚಿಗಳೆಲ್ಲ ತುಂಬಿದ್ದವು. ಭಾವ ಮೇಜು ಹಿಡಿದುಕೊಂಡು ನಿಂತರು. ಎತ್ತರದ ಕಿಟಕಿಗಳಿಂದ ಬಿಸಿಲು ಅವರ ಮೇಲೆ ಬಿದ್ದು, ಕಿವಿಗಳು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದವು.

"ಮೊನ್ನೆ," ಎಂದು ಶುರು ಮಾಡಿದರು, "ಮೆಟ್ಟಿಲು ಇಳೀತಿದ್ದೆ. ಮೆಟ್ಟಿಲು ನನ್ನ ಕಾಲಿಗೆ ಸಿಗಲೇ ಇಲ್ಲ."

ಜನ ನಿಧಾನವಾಗಿ ಚಪ್ಪಾಳೆ ತಟ್ಟಿದರು.

"ಕಣ್ಣು ಮುಚ್ಚಿದ್ರೆ ನಕ್ಷತ್ರ ಕಾಣ್ತವೆ. ತೆರೆದ್ರೂ ಕಾಣ್ತವೆ."

"ಆಹಾ," ಎಂದರು ಹಿರಿಯ ಪೋಸ್ಟ್‌ಮ್ಯಾನ್. "ನನಗೂ ಕಾಣ್ತಿವೆ."

"ನಾನು... ನಾನು ಈಗ..." ಎಂದು ಭಾವ ಕೈ ಎತ್ತಿದರು. ಮೇಜಿನಿಂದ ಕೈ ಬಿಟ್ಟದ್ದೇ ತಪ್ಪಾಯಿತು. ಮಡಿಸಿಟ್ಟ ಬಟ್ಟೆ ಜಾರುವಂತೆ ಸದ್ದಿಲ್ಲದೆ ಕೆಳಗೆ ಜಾರಿದರು. ಇದೂ ಭಾಷಣದ ಭಾಗವೆಂದು ತಿಳಿದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರಿಬ್ಬರು ತಾವೂ ಜಾರಲು ಪ್ರಯತ್ನಿಸಿದರು.

ಓಡಿ ಬಂದವಳು ಆಸ್ಪತ್ರೆಯ ನರ್ಸಮ್ಮ. ಆಕೆ ಹಳದಿ ಕಾಗದಕ್ಕೆ ಬಗ್ಗದ ಹೆಂಗಸು, ದಿನಾ ಹೊಟ್ಟೆ ತುಂಬ ತಿನ್ನುತ್ತಿದ್ದಳು, ಆದ್ದರಿಂದ ಆ ಕೋಣೆಯಲ್ಲಿ ಓಡಬಲ್ಲವಳು ಅವಳೊಬ್ಬಳೇ. ಭಾವನ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು, ಬಾಯಿಗೆ ಸಕ್ಕರೆ ನೀರು ಹಾಕಿದಳು.

"ಮಾಸ್ಟ್ರೇ, ದಿನಾ ಏನು ತಿಂತೀರಿ?"

"ನಾನು ಮಾಂಸ ತಿನ್ನಲ್ಲ," ಎಂದರು ಭಾವ, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ.

"ತಿನ್ನದೇ ಇರೋದನ್ನ ನಾನು ಕೇಳಲಿಲ್ಲ. ತಿನ್ನೋದನ್ನ ಕೇಳಿದೆ."

ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಭಾವ ತಮಗೆ ತಾವೇ ಕೇಳಿಕೊಂಡಿರಲಿಲ್ಲ. ಉತ್ತರವನ್ನು ಅಕ್ಕ ಹೇಳಿದಳು, ಬ್ರೆಡ್ಡಿನಿಂದ ಹಿಡಿದು ಹಾಲಿಲ್ಲದ ಟೀವರೆಗೆ. ನರ್ಸಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನಪ್ಪ! ಮಾಂಸ ಬಿಡೋದು ತಪ್ಪೇನಲ್ಲ. ಎಷ್ಟೋ ಜನ ಬಿಟ್ಟು ಗುಂಡುಕಲ್ಲಿನ ಹಾಗಿದ್ದಾರೆ. ಆದ್ರೆ ಬಿಟ್ಟ ಜಾಗ ಖಾಲಿ ಇಡಬಾರದು. ಕಾಳು ತಿನ್ನಿ, ಬೇಳೆ ತಿನ್ನಿ, ಕಡಲೆಬೀಜ ತಿನ್ನಿ. ಸೊಪ್ಪು ತಿನ್ನಿ, ಅದರ ಜೊತೆ ನಿಂಬೆಹಣ್ಣೋ ಕಿತ್ತಳೆನೋ ಹುಳಿಯಾದ್ದು ಏನಾದ್ರೂ ಇರಲಿ, ಆಗ ಕಬ್ಬಿಣದ ಅಂಶ ಮೈಗೆ ಹತ್ತುತ್ತೆ. ಊಟದ ಜೊತೇಗೇ ಟೀ ಕುಡಿದ್ರೆ ಹತ್ತಲ್ಲ. ಹಾಲು, ಮೊಟ್ಟೆ ಆಗುತ್ತೆ ಅಂದ್ರೆ ಒಳ್ಳೇದು. ಮೀನು ಆಗುತ್ತೆ ಅಂದ್ರೆ ಇನ್ನೂ ಒಳ್ಳೇದು. ಅವು ಯಾವುದೂ ಬೇಡ ಅಂದ್ರೆ ನನ್ನ ಹತ್ರ ಬನ್ನಿ, ಬಿ ಹನ್ನೆರಡು ಅನ್ನೋ ವಿಟಮಿನ್ನಿನ ಮಾತ್ರೆ ಕೊಡ್ತೀನಿ, ಅದು ಸೊಪ್ಪು ಕಾಳಲ್ಲಿ ಸಿಗಲ್ಲ. ಇಷ್ಟೇ ವಿದ್ಯೆ!"

ಚಿಕ್ಕಭಾವ ಕನ್ನಡಕ ಒರೆಸುತ್ತ ಮೆಲ್ಲಗೆ ಮುಂದೆ ಬಂದರು. "ಅಣ್ಣಾ, ಅವತ್ತು ನಾನು ಹೇಳ್ತಿದ್ದದ್ದೂ ಇದೇ. ಬದಲಿಗೆ ನಾವು ದಿನಾ ಕಾಳು ಬೇಯಿಸ್ತೀವಿ, ವಾರಕ್ಕೆರಡು ಸಲ ಮೀನು ತಿಂತೀವಿ ಅಂತ. ನೀವು ಮಾತು ಮುಗಿಸೋಕೆ ಬಿಡ್ಲಿಲ್ಲ."

ಭಾವ ಮಲಗಿದಲ್ಲಿಂದಲೇ ನನ್ನ ಕಡೆ ತಿರುಗಿ ಕೇಳಿದರು. "ಲೋ, ನಾಳೆ ಅಳತೆ ಅಲ್ವೇನೋ?"

ಮರುದಿನ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಸ್ಟೂಲು ಇಟ್ಟೆವು. ಪೋಸ್ಟ್‌ಮ್ಯಾನ್‌ಗಳು, ಬೆಂಕಿಯವರು, ಬ್ಯಾಂಡಿನವರು ಹಳೆಯ ಪದ್ಧತಿಯಂತೆ ಸಾಲಾಗಿ ನಿಂತರು, ನಿಲ್ಲಲಾರದವರು ಒರಗಿದರು. ಆರೋಗ್ಯಾಧಿಕಾರಿಗಳೂ ನರ್ಸಮ್ಮನೂ ಬಂದಿದ್ದರು. ಎಲ್ಲರ ಕೈಯಲ್ಲೂ ಬ್ರೆಡ್ಡು, ಆಲೂಗಡ್ಡೆಯ ಡಬ್ಬಿ. ಚಿಕ್ಕ ಯಜಮಾನರು ನಗುನಗುತ್ತ ಬಂದರು. ಗ್ರಂಥಾಲಯದ ಸುದ್ದಿ ಅವರಿಗೆ ಮುಟ್ಟಿತ್ತು. ಅವರ ಹಿಂದೆ ಒಂದು ಉದ್ದನೆಯ ಪೆಟ್ಟಿಗೆ. ಮುಚ್ಚಳ ತೆಗೆದರೆ ಹುಲ್ಲಿನ ಮಧ್ಯೆ ಗೊಂಬೆ. ತಲೆಯಿಲ್ಲದಿದ್ದರೂ ಅದಕ್ಕೊಂದು ಜಂಬ ಇತ್ತು.

ಭಾವ ಸ್ಟೂಲು ಹತ್ತಿದರು. ನಾನು ಅಂಕಿಯ ಟೇಪು ಸುತ್ತಿದೆ. ಅಂಕಿ ನೋಡಿದೆ. ಮೂವತ್ತಾರೂವರೆ. ನನಗೆ ಅಳು ಬಂತು. ಹೆಬ್ಬೆರಳನ್ನು ಅಂಕಿಯ ಮೇಲಿಟ್ಟು, ನಲವತ್ತು ಎಂದು ಕೂಗಲು ಉಸಿರೆಳೆದುಕೊಂಡೆ.

"ಸುಳ್ಳು ಹೇಳ್ಬೇಡ್ವೋ," ಎಂದರು ಭಾವ ಮೆಲ್ಲಗೆ. "ಇದ್ದದ್ದು ಓದು."

"ಭಾವ, ಸ್ಟೂಲು ಹೋಗುತ್ತೆ."

"ಹೋಗ್ಲಿ. ಓದು."

ಓದಿದೆ. ಭಾವ ಕೈ ಅಗಲಿಸಿಕೊಂಡೇ ಮಾತಾಡಿದರು.

"ನೀವ್ಯಾರೂ ಉಬ್ಬಿಲ್ಲ ಕಣ್ರಪ್ಪಾ. ನಾನು ಇಳಿದೆ. ನನ್ನ ಜೊತೆ ನಿಮ್ಮ ಕೋಟೂ ಇಳೀತು. ತಪ್ಪು ನಂದು. ನಮ್ಮ ಹುಡುಗನಿಗೆ ಗೊತ್ತಿತ್ತು, ನನ್ನ ಮೇಲಿನ ಪ್ರೀತಿಗೆ ಹೇಳಲಿಲ್ಲ."

ಹಿರಿಯ ಪೋಸ್ಟ್‌ಮ್ಯಾನ್ ಕಣ್ಣು ಮಿಟುಕಿಸಿದರು. "ಹಾಗಾದ್ರೆ ನಾನು ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದು..."

"ಸುಮ್ಮಸುಮ್ಮನೆ."

ಸಿಟ್ಟು ಮಾಡಲು ಯಾರಲ್ಲೂ ಶಕ್ತಿ ಇರಲಿಲ್ಲ. ತುತ್ತೂರಿಯವನು ಮಾತ್ರ ಬಿಕ್ಕಿ ಬಿಕ್ಕಿ ಅತ್ತ. ಚಿಕ್ಕ ಯಜಮಾನರು ಅದೇ ಸಮಯ ಸಾಧಿಸಿ, ಗೊಂಬೆಯ ಅಳತೆಗೆ ಗುಟ್ಟಾಗಿ ಹೊಲಿಸಿಟ್ಟಿದ್ದ ಕೋಟನ್ನು ಹೊರಗೆ ತೆಗೆದರು. "ನೋಡಿ, ಇದು ನಿಜವಾದ ಮೀಡಿಯಂ. ಇನ್ಮೇಲೆ ಗುಂಡಿ ಹಾರಲ್ಲ" ಎನ್ನುತ್ತ ಹಿರಿಯ ಪೋಸ್ಟ್‌ಮ್ಯಾನ್‌ಗೆ ತೊಡಿಸಿದರು.

ಗುಂಡಿ ಹಾರಲಿಲ್ಲ. ಪೋಸ್ಟ್‌ಮ್ಯಾನೇ ಕಾಣಿಸಲಿಲ್ಲ. ಕೋಟಿನ ಕತ್ತಿನಿಂದ ಎರಡು ಕಣ್ಣು ಹೊರಗೆ ನೋಡಿದವು, ತೋಳಿನೊಳಗೆ ಎಲ್ಲೋ ಕೈಗಳು ಹುಡುಕಾಡುತ್ತಿದ್ದವು. ಅವಸರದಲ್ಲಿ ಬೆಂಕಿಯವರ ಸಾಹೇಬರಿಗೆ ತೊಡಿಸಿದರು. ಅದು ಅವರ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು, ಅವರಿಗೆ ಗೊತ್ತೂ ಆಗಲಿಲ್ಲ.

ಆರೋಗ್ಯಾಧಿಕಾರಿಗಳು ನನ್ನ ಕೈಯಿಂದ ಟೇಪು ಕಿತ್ತುಕೊಂಡರು. ಹೋಗಿದ್ದ ಮಾನವನ್ನು ಲೆಕ್ಕದಿಂದಾದರೂ ಮರಳಿ ಪಡೆಯುವ ಹಟ. ಸಾಲಿನಲ್ಲಿದ್ದ ಅರವತ್ತಮೂರು ಜನರ ಎದೆಯನ್ನೂ ಅಳೆದು, ಕ್ಯಾಲೆಂಡರಿನ ಹಿಂದೆ ಬರೆದು, ಕೂಡಿಸಿ, ಭಾಗಿಸಿದರು. ಉತ್ತರ ನೋಡಿ ಮತ್ತೊಮ್ಮೆ ಭಾಗಿಸಿದರು. ಆಮೇಲೆ ಟೋಪಿ ತೆಗೆದರು.

"ಮೂವತ್ತಾರೂವರೆ," ಎಂದರು.

ಯಾರೋ ಹಿಂದಿನಿಂದ "ಮಾಸ್ಟ್ರು ಸರಿಯಾಗೇ ಇದ್ದಾರೆ!" ಎಂದು ಕೂಗಿದರು.

"ಸರಿ ಅಂದ್ರೆ ಹೇಗೆ?" ಎಂದು ಚಿಕ್ಕ ಯಜಮಾನರು ಕೈ ಕೈ ಹಿಸುಕಿಕೊಂಡರು. "ಅಪ್ಪಾಜಿ ನಲವತ್ತು ಅಂತ ಬರೆದಿದ್ದಾರೆ!"

"ನಿಮ್ಮ ಗೊಂಬೆ ಇವತ್ತಿಗೆ ಯಾರಿಗಾಗುತ್ತೆ ತೋರಿಸಿ," ಎಂದಳು ನರ್ಸಮ್ಮ. "ಇವರು ಇನ್ನು ತಿನ್ನೋಕೆ ಶುರು ಮಾಡಿದ್ರೆ ಬರೋ ತಿಂಗಳು ಮೂವತ್ತೇಳು, ಆಮೇಲೆ ಮೂವತ್ತೆಂಟು. ಇವರ ಜೊತೆ ಊಟ ಮಾಡಿ ಇವರ ಜೊತೆ ಬೆಳೆಯೋಕೆ ನಿಮ್ಮ ಗೊಂಬೆಗೆ ಬಾಯಿ ಎಲ್ಲಿದೆ?"

ಜನ ಗೊಂಬೆಯ ತಲೆಯಿಲ್ಲದ ಕತ್ತನ್ನು ನೋಡಿದರು. ಬೆಂಕಿಯವರು ನಾಲ್ವರು ಸೇರಿ ಅದನ್ನು ಮತ್ತೆ ಹುಲ್ಲಿನಲ್ಲಿ ಮಲಗಿಸಿ ಮೊಳೆ ಹೊಡೆದರು. ಚೇತರಿಸಿಕೊಂಡರೆ ಇವರೆಲ್ಲ ನಲವತ್ತಕ್ಕೇ ಬರುತ್ತಾರಲ್ಲ ಎಂಬುದು ಚಿಕ್ಕ ಯಜಮಾನರಿಗೆ ಹೊಳೆಯುವಷ್ಟರಲ್ಲಿ ಪೆಟ್ಟಿಗೆ ರೈಲು ಹತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಚಿಕ್ಕಕ್ಕನೂ ಅವಳೂ ಎರಡು ಕಡೆ ಹಿಡಿದು ಒಂದು ದೊಡ್ಡ ಪಾತ್ರೆ ತಂದು ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲಿಟ್ಟರು, ಅಂಗಳದ ಜನವೆಲ್ಲ ಹಿಂದೆಯೇ ಒಳಗೆ ಬಂದರು. ಬೇಯಿಸಿದ ಬಿಳಿ ಬೀನ್ಸ್ ಕಾಳು. ಪಕ್ಕದಲ್ಲಿ ನಿಂಬೆರಸ ಹಿಂಡಿದ ಸೊಪ್ಪು, ಮೊಟ್ಟೆ, ಒಂದು ತಟ್ಟೆ ತುಂಬ ಹುರಿದ ಮೀನು. ಆವಿ ಮೇಲಕ್ಕೆದ್ದು ಕಿಟಕಿಯ ಬಿಸಿಲಿನಲ್ಲಿ ಸುಳಿದಾಡಿತು. ಭಾವ ಮೀನಿನ ಕಣ್ಣನ್ನು ಒಂದು ಕ್ಷಣ ನೋಡಿದರು, ಮೀನೂ ಅವರನ್ನು ನೋಡಿತು. ಆಮೇಲೆ ಮರ್ಯಾದೆಯಿಂದ ಅದರ ತಲೆಯ ಭಾಗವನ್ನು ಚಿಕ್ಕಭಾವನ ಕಡೆ ತಿರುಗಿಸಿ, ಬಾಲದ ಕಡೆಯಿಂದ ಒಂದು ತುಂಡು ತೆಗೆದುಕೊಂಡರು. ಜೊತೆಗೆ ಕಾಳು, ಸೊಪ್ಪು. ಮೊದಲ ತುತ್ತು ಬಾಯಿಗಿಟ್ಟರು.

ಅರವತ್ತಮೂರು ಜನ ತಟ್ಟೆ ಹಿಡಿದು ಸುತ್ತ ನಿಂತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಭಾವ ಬಾಯಿ ತೆರೆದಾಗ ತೆರೆದರು, ಮುಚ್ಚಿದಾಗ ಮುಚ್ಚಿದರು. ಭಾವನ ದವಡೆ ಆಡಿದ ಹಾಗೆ ಅಷ್ಟೂ ದವಡೆಗಳು ಆಡಿದವು. ಭಾವನಿಗೆ ಕಣ್ಣು ತುಂಬಿ ಬಂತು. ಮೂರು ತಿಂಗಳ ಹಸಿವು ನೋಡಿ, ಎರಡನೆಯ ತುತ್ತನ್ನು ಗಬಕ್ಕನೆ ದೊಡ್ಡದಾಗಿ ಎತ್ತಿಕೊಂಡರು.

ಅಕ್ಕ ಅವರ ಮಣಿಕಟ್ಟು ಹಿಡಿದಳು.

"ನಿಧಾನ ಕಣ್ರೀ," ಎಂದಳು. "ಚೆನ್ನಾಗಿ ಅಗಿದು ನುಂಗಿ. ಊರಿಗೆಲ್ಲ ಗಂಟಲಲ್ಲಿ ಸಿಕ್ಕೀತು."